ಸೂಚಿ ಕಾಣದ ಫೋಲ್ಡರ್

ಆ ದಿನ ಮಳೆ ಬಂದಿತ್ತು ಎಂದು ಬರೆಯಲು ಕೈ ಮುಂದಾಗುತ್ತದೆ. ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ಅವಮಾನದ ದೃಶ್ಯಗಳಿಗೆಲ್ಲ ನನ್ನ ನೆನಪು ತಾನಾಗಿಯೇ ಮಳೆ ಸುರಿಸಿಕೊಳ್ಳುತ್ತದೆ. ಹಾಗಾಗಿ ಮಳೆಯನ್ನು ಬಿಟ್ಟು ಹೇಳುತ್ತೇನೆ. ಸಿಟ್ಟನ್ನು ಮಾತ್ರ ಬಿಡಲಾರೆ. ಅದು ನಾನು ಆಮೇಲೆ ಸೇರಿಸಿದ್ದಲ್ಲ.

ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಒಂದರ ಹಿಂದೊಂದು ಶೆಡ್ಡು ಬರುತ್ತಿದ್ದ ವರ್ಷಗಳು. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ತಂತ್ರಾಂಶ ಬರೆಯುವ ಕಚೇರಿಯಲ್ಲಿ ನನಗೆ ಕೆಲಸ. ನಮ್ಮ ಕೋಡ್ ಎಷ್ಟು ದೊಡ್ಡದೆಂದರೆ ಪೂರ್ತಿ ಓದಿದವರು ಒಬ್ಬರೂ ಇರಲಿಲ್ಲ. ಅದಕ್ಕೇ ಒಂದು ಸೂಚಿ ತಯಾರಿಸುವ ಟೂಲ್ ಇತ್ತು. ಅದು ಎಲ್ಲ ಫೈಲುಗಳನ್ನು ಒಮ್ಮೆ ಓದಿ, ಯಾವ ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಣುಕು, ಎಲ್ಲಿದೆ, ಅದನ್ನು ಬೇರೆ ಯಾವ ಕೋಡ್ ಕರೆದು ಬಳಸುತ್ತದೆ ಎಂದು ಗುರುತಿಟ್ಟುಕೊಳ್ಳುತ್ತಿತ್ತು. ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಕ್ರಮೇಣ ನಾವು ಕೋಡ್ ಓದುವುದನ್ನು ಬಿಟ್ಟು ಟೂಲನ್ನು ಕೇಳುವುದನ್ನಷ್ಟೇ ಕಲಿತೆವು.

ನನ್ನ ಪಕ್ಕದ ಮೇಜಿನವಳು ಹೊಂಗನೂರಿನಿಂದ ಬರುತ್ತಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಳಕೆಯಲ್ಲಿಲ್ಲದ ಹಳೆಯ ಫಂಕ್ಷನ್‌ಗಳನ್ನು ತೆಗೆದುಹಾಕುವುದು ಅವಳಿಗೆ ಕೊಟ್ಟ ಕೆಲಸ. ಒಂದು ಫಂಕ್ಷನ್ ಬಗ್ಗೆ ಟೂಲನ್ನು ಕೇಳಿದಳು. ಯಾರೂ ಕರೆಯುತ್ತಿಲ್ಲ ಎಂದಿತು. ತೆಗೆದಳು. ಮರುದಿನ ಕಚೇರಿಯ ಹಿಂದಿನ ಪರೀಕ್ಷಾ ಶೆಡ್ಡಿನಲ್ಲಿ ಯಂತ್ರವೊಂದು ಬಾಗಿಲು ತೆರೆದಿದ್ದರೂ ಓಡಿತು. ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಕೋಡ್ ಆ ಫಂಕ್ಷನ್ನನ್ನೇ ನಂಬಿತ್ತು. ಯಾರ ಕೈಯೂ ಒಳಗಿರಲಿಲ್ಲ, ಪುಣ್ಯ.

ಮ್ಯಾನೇಜರ್ ಹಾಲಿನ ನಡುವೆ ನಿಂತು, ಶೆಡ್ಡಿನ ಫಿಟ್ಟರ್‌ಗಳನ್ನೂ ಕರೆಸಿ, ಎಲ್ಲರೆದುರು ಅವಳಿಗೆ ಹೇಳಿದರು: “ಓದದೆ ಕತ್ತರಿಸೋರಿಗೆ ಇಲ್ಲಿ ಜಾಗ ಇಲ್ಲ. ಶುಕ್ರವಾರ ನಿಮ್ಮ ವಿಷಯ ತೀರ್ಮಾನ ಮಾಡ್ತೀನಿ.”

ಓದಬೇಡಿ, ಟೂಲ್ ಬಳಸಿ, ಸಮಯ ಉಳಿಸಿ ಎಂದು ನಮಗೆ ಪಾಠ ಹೇಳಿದ್ದು ಇದೇ ಮನುಷ್ಯ.

“ನಾನು ಕೇಳ್ದೆ, ಅದು ಇಲ್ಲ ಅಂತು,” ಎಂದಳು ಅವಳು, ಮೇಜಿಗೆ ಬಂದು. “ಇನ್ನೇನು ಕವಡೆ ಹಾಕಿ ಕೇಳ್ಬೇಕಿತ್ತಾ?”

ಇಬ್ಬರೂ ಕುಳಿತೆವು. ಯಂತ್ರದ ಬಾಗಿಲು ನೋಡಿಕೊಳ್ಳುವ ಹಳೆಯ ಕೋಡಿನಲ್ಲಿ ಖಂಡಿತ ಇರುವ ಹೆಸರುಗಳನ್ನೇ ಟೂಲಿಗೆ ಕೊಟ್ಟು ಹುಡುಕಿದೆವು. ಒಂದೂ ಸಿಗಲಿಲ್ಲ. ಸೂಚಿಯನ್ನು ಅಳಿಸಿ ಹೊಸದಾಗಿ ಕಟ್ಟಿಸಿದೆವು. ಫಲಿತಾಂಶ ಅದೇ, ಎಲ್ಲೂ ಒಂದು ಎಚ್ಚರಿಕೆಯ ಸಾಲೂ ಇಲ್ಲ. ಕೊನೆಗೆ ಅದು ಯಾವ ಯಾವ ಫೈಲು ತೆರೆಯುತ್ತದೆಂದು ನೋಡಿದೆವು. ಒಂದು ಇಡೀ ಫೋಲ್ಡರನ್ನು ಅದು ಮುಟ್ಟಿಯೇ ಇರಲಿಲ್ಲ.

ನಮ್ಮ ಕಚೇರಿಯಲ್ಲೊಂದು ಪದ್ಧತಿ ಇತ್ತು. ಡಿಸ್ಕ್ ತುಂಬಿದಾಗ ಹಳೆಯ ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಿ, ಮೊದಲಿನ ಜಾಗದಲ್ಲಿ ಒಂದು ಲಿಂಕ್ ಬಿಡುವುದು. ಮನೆ ಬದಲಿಸಿದವರು ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸುವ ಹಾಗೆ. ನಮಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಟೂಲ್ ಚೀಟಿಯನ್ನು ಕಂಡು ಮುಂದಕ್ಕೆ ಹೋಗಿಬಿಡುತ್ತಿತ್ತು. ಆ ಫೋಲ್ಡರನ್ನು ಸಾಗಿಸಿದ್ದು ಮ್ಯಾನೇಜರೇ.

ಲಿಂಕುಗಳ ಹಿಂದೆ ಹೋಗು ಎಂದು ಟೂಲಿಗೆ ಹೇಳಿದೆವು. ಇನ್ನಾರೋ ಬಿಟ್ಟಿದ್ದ ಲಿಂಕ್ ಹೊರಟ ಜಾಗಕ್ಕೇ ಮರಳುತ್ತಿದ್ದುದರಿಂದ ಅದು ಅಲ್ಲೇ ಗಿರಗಿರ ಸುತ್ತತೊಡಗಿತು. ಅದನ್ನು ನಿಲ್ಲಿಸಿ, ಓದಬೇಕಾದ ಫೋಲ್ಡರುಗಳನ್ನು ನಾವೇ ಒಂದೊಂದಾಗಿ ಹೇಳಿಕೊಟ್ಟೆವು. ಈಗ ಅದೇ ಪ್ರಶ್ನೆ ಕೇಳಿದಾಗ, ಆ ಫಂಕ್ಷನ್ನನ್ನು ಕರೆಯುವವರು ಪರದೆ ತುಂಬ ಸಾಲಾಗಿ ಬಂದು ನಿಂತರು.

ಶುಕ್ರವಾರ ಸಂಜೆ ಮ್ಯಾನೇಜರ್ ಅದನ್ನು ನೋಡಿದರು. ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆದು ಬಾಗಿಲು ಮುಚ್ಚಿದರು. “ಸರಿಯಮ್ಮ, ನಿನ್ನ ತಪ್ಪಿಲ್ಲ. ಕೆಲಸ ಕಾಯಂ. ಇಲ್ಲಿಗೆ ಬಿಟ್ಬಿಡೋಣ.”

“ಬೈದಿದ್ದು ಹಾಲ್‌ನಲ್ಲಿ ಸಾರ್. ಇದನ್ನೂ ಅಲ್ಲೇ ಹೇಳಿ.”

“ಎಲ್ಲಾ ಬಸ್ ಹತ್ತಾಯ್ತಲ್ಲ.”

“ಹಾಗಾದ್ರೆ ಬಸ್‌ನಲ್ಲಿ.”

ಬೆಳಿಗ್ಗೆ ಬಂದವರೆಲ್ಲ ಹತ್ತುವ ತನಕ ಕಂಪನಿ ಬಸ್ಸು ಹೊರಡುತ್ತಿರಲಿಲ್ಲ. ರಾಮನಗರದಲ್ಲೋ ಚನ್ನಪಟ್ಟಣದಲ್ಲೋ ಇಳಿದು ಊರಿನ ಬಸ್ಸು ಹಿಡಿಯುವವರು ಅದನ್ನು ನಿಯಮವನ್ನಾಗಿ ಮಾಡಿಕೊಂಡಿದ್ದರು. ಹಾರನ್ ಕೂಗತೊಡಗಿತು. ಆಮೇಲೆ ಡ್ರೈವರೇ ಬಂದ. “ಸಾ, ಒಂಗ್ನೂರ್ ಬಸ್ಸು ಒಂಟೋಯ್ತದೆ. ಇವ್ರನ್ನ ಕಳ್ಸಿ.”

“ನನ್ನಲ್ಲಣ್ಣ, ಸಾರನ್ನ ಕರ್ಕೊಂಡೋಗು,” ಎಂದಳು.

ಮ್ಯಾನೇಜರ್ ಬಸ್ಸಿನ ಮೊದಲ ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತರು. “ಟೂಲ್‌ನಲ್ಲಿ ಒಂದು ಸಣ್ಣ ಸಮಸ್ಯೆ ಇತ್ತು...”

“ಕೇಳುಸ್ನಿಲ್ಲ ಸಾ,” ಎಂದ ಹಿಂದಿನ ಸೀಟಿನ ಫಿಟ್ಟರ್. “ಒಸಿ ಜೋರಾಗೇಳಿ. ಮೊನ್ನೆ ಚೆನ್ನಾಗ್ ಕೇಳುಸ್ತಿತ್ತು.”

“ಸುಮ್ಕಿರ್ಲಾ, ಏಳ್ತಾವ್ರೆ,” ಎಂದ ಇನ್ನೊಬ್ಬ.

“ತಪ್ಪು ಇವರದಲ್ಲ. ಫೋಲ್ಡರ್ ಸಾಗಿಸಿದ್ದು ನಾನು,” ಎಂದರು ಮ್ಯಾನೇಜರ್. ಬಸ್ಸು ಹೊರಟಿತು.

ಎಷ್ಟೋ ವರ್ಷ ಈ ಕೊನೆಯನ್ನು ಹೀಗೇ ಹೇಳಿಕೊಂಡು ಬಂದೆ. ಈಚೆಗೆ ಅವಳು ಸಿಕ್ಕಾಗ ಇದನ್ನು ಹೇಳಿದೆ. ಅವಳು ನಕ್ಕಳು.

“ತಪ್ಪು ಇವರದಲ್ಲ ಅಂದ್ರು. ಅಷ್ಟೇ. ಆ ಫೋಲ್ಡರ್ ಮಾತು ನೀವು ಸೇರ್ಸಿದ್ದು. ಅದನ್ನ ಆ ಮನುಷ್ಯ ಇವತ್ತಿಗೂ ಹೇಳಿಲ್ಲ.”