ಬ್ಯಾರನ್ನಿನ ಬಿಸಿಯಲ್ಲಿ ಹೊತ್ತಿದ ದೀಪ

ಮಳೆಗಾಲ ಮುಗಿಯುತ್ತಾ ಬಂದಾಗ ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಿಟಕಿ ಸರಿಸಿದರೆ ಬೇಯುವ ಹೊಗೆಸೊಪ್ಪಿನ ಸಿಹಿ ಘಾಟು ಒಳಗೆ ಬರುತ್ತದೆ. ಆಗೆಲ್ಲ ನನಗೆ ದೊಡ್ಡಮ್ಮನ ನೆನಪಾಗುತ್ತದೆ.

ನಮ್ಮದು ಕೂಡುಕುಟುಂಬ. ಸೊಪ್ಪು ಬೇಯಿಸುವ ಬ್ಯಾರನ್ನು ಅಪ್ಪನ ಅತ್ತಿಗೆಯ, ಎಂದರೆ ದೊಡ್ಡಮ್ಮನ ಸುಪರ್ದಿಯಲ್ಲಿತ್ತು. ಎತ್ತರದ ಗೋಡೆಯ ಕತ್ತಲೆ ಕೋಣೆ ಅದು. ಹೊರಗೆ ಒಲೆ, ಒಳಗೆ ಬಿಸಿ ಹರಿಯುವ ತಗಡಿನ ಕೊಳವೆ. ಗಾಜಿನ ಕಿಂಡಿಯಲ್ಲಿ ಇಣುಕಿ ಥರ್ಮಾಮೀಟರ್ ನೋಡಿಕೊಂಡು ಸೌದೆ ಹಾಕಬೇಕು. ಕರೆಂಟು ಹೋದರೆ ಹಾಡುಹಗಲಲ್ಲೂ ಅಂಕಿ ಕಾಣುತ್ತಿರಲಿಲ್ಲ. ದೊಡ್ಡಮ್ಮನ ಕಣ್ಣು ಮಂಜಾಗಿತ್ತು. ಬಾಗಿಲಿಗೆ ಅಂಗೈ ಇಟ್ಟು ಬಿಸಿ ಅಂದಾಜು ಮಾಡುತ್ತಿದ್ದರು. ಒಂದು ಸಲ ಅಂದಾಜು ತಪ್ಪಿ ಸೊಪ್ಪೆಲ್ಲ ಕಪ್ಪಾಯಿತು. ಯಾರೂ ಬೈಯಲಿಲ್ಲ, ಆದರೂ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಗ ನಾನು ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಶಾಖದಿಂದ ನೇರವಾಗಿ ವಿದ್ಯುತ್ ಕೊಡುವ ವಸ್ತುಗಳು ನನ್ನ ವಿಷಯ. ಬಿಸ್ಕತ್ತಿನಷ್ಟು ದೊಡ್ಡ ಬಿಳಿ ಬಿಲ್ಲೆ. ಒಂದು ಮುಖ ಕಾದು ಇನ್ನೊಂದು ತಣ್ಣಗಿದ್ದರೆ ಅದರ ತಂತಿಗಳಲ್ಲಿ ಕರೆಂಟು ಹರಿಯುತ್ತದೆ. ಅಂಥ ಎರಡು ಬಿಲ್ಲೆ ಹಿಡಿದು ಊರಿಗೆ ಬಂದೆ. ಮೊದಲನೆಯದನ್ನು ಒಲೆಬಾಯಿಯ ಹತ್ತಿರವೇ ಅಂಟಿಸಿದೆ. ಒಳಗಿನ ಬೆಸುಗೆ ಕರಗಿ ಕೆಟ್ಟುಹೋಯಿತು. ಎರಡನೆಯದನ್ನು ಅಷ್ಟು ಬಿಸಿಯಿಲ್ಲದ ಕಡೆ, ಒಲೆಯ ಪಕ್ಕದ ಕಬ್ಬಿಣದ ತಟ್ಟೆಯ ಮೇಲೆ ಕೂರಿಸಿದೆ. ಅದರ ತಂತಿಗೆ ಜೋಡಿಸಿದ ಪುಟ್ಟ ದೀಪ ಒಂದು ನಿಮಿಷ ಉರಿದು ಮಂಕಾಯಿತು. ಎರಡೂ ಮುಖ ಕಾದುಬಿಟ್ಟಿದ್ದವು. ಲ್ಯಾಬಿನಲ್ಲಾದರೆ ಫ್ಯಾನಿತ್ತು, ಇಲ್ಲಿ ಅದಕ್ಕೂ ಕರೆಂಟು ಬೇಕು. ನನಗೆ ಅಳುವೇ ಬಂತು.

ಸೌದೆ ಸೀಳುತ್ತಿದ್ದ ದೊಡ್ಡಮ್ಮ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಏನಾಗಬೇಕಿತ್ತು, ಏನಾಯಿತು ಎಂದು ಎಲ್ಲ ಕೇಳಿಸಿಕೊಂಡರು.

"ಮೇಲ್ಗಡೆ ತಣ್ಗಿದ್ರೆ ಆಯ್ತಲ್ವಾ? ಅಂಗಾದ್ರೆ ಒಂದ್ ಪಾತ್ರೇಲಿ ನೀರ್ ಮಡಗು ಕಣವ್ವ," ಎಂದರು.

ತಳ ಸಮನಾಗಿದ್ದ ಅಲ್ಯೂಮಿನಿಯಂ ಪಾತ್ರೆಯನ್ನು ಅವರೇ ತಂದು, ಬಾವಿ ನೀರು ತುಂಬಿ ಬಿಲ್ಲೆಯ ಮೇಲಿಟ್ಟರು. ದೀಪ ನಿಧಾನವಾಗಿ ಬೆಳಗಿತು. ಅದನ್ನು ತಂತಿಯೆಳೆದು ಕಿಂಡಿಯ ಒಳಗೆ ತೂಗುಬಿಟ್ಟೆವು. ಕನ್ನಡಕ ಸರಿಮಾಡಿಕೊಂಡು ಅವರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಸರಿಯಿತ್ತು.

ನೀರು ಬೆಚ್ಚಗಾದಾಗಲೆಲ್ಲ ಬದಲಿಸಬೇಕಿತ್ತು. ಬಿಸಿನೀರನ್ನು ಅವರು ಚೆಲ್ಲುತ್ತಿರಲಿಲ್ಲ. ಪಾತ್ರೆ ತೊಳೆಯಲು, ಸೊಪ್ಪಿನ ಅಂಟು ಹತ್ತಿದ ಕೈ ಉಜ್ಜಲು ಅದೇ ಆಯಿತು. ನೋಡಲು ಬಂದವರಿಗೆಲ್ಲ, ನಮ್ಮ ಹುಡುಗಿ ನೀರು ಕಾಯಿಸುವ ಯಂತ್ರ ಮಾಡಿದ್ದಾಳೆ, ದೀಪ ಪುಕ್ಕಟೆ ಎಂದು ಹೇಳಿ ನಗುತ್ತಿದ್ದರು. ಆ ಹಂಗಾಮಿನಲ್ಲಿ ಒಂದು ಸೊಪ್ಪೂ ಕಪ್ಪಾಗಲಿಲ್ಲ.

ಮುಂದೆ ನನ್ನ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ತಣ್ಣನೆಯ ಮುಖಕ್ಕೆ ನೀರಿಡುವ ಯೋಚನೆ ಯಾರದೆಂದು ಪರೀಕ್ಷಕರು ಕೇಳಿದರು. ನಮ್ಮ ದೊಡ್ಡಮ್ಮನದು ಎಂದೆ. ತಮಾಷೆ ಎಂದುಕೊಂಡು ನಕ್ಕರು. ಊರಿಗೆ ಹೋದಾಗ ಅದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರಿಗೆ ಬೇಜಾರಾಗಬಹುದು ಎಂದುಕೊಂಡಿದ್ದೆ.

"ನೀನು ನನ್ ಎಸ್ರು ಏಳ್ದಲ್ಲಾ, ಸಾಕು ಬುಡು," ಎಂದು ನನಗೆ ಇನ್ನೊಂದು ರೊಟ್ಟಿ ಬಡಿಸಿದರು.