ಅಳಿಸದೆ ಕೂರಿಸಿಕೊಡಿ

ಕೋರ್ಟಿನ ಎದುರಿನ ಓಣಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಆಕೆಯನ್ನು ಎಲ್ಲರೂ ಕರೆಯುವುದು ಟೈಪಕ್ಕ ಎಂದೇ. ಮೂವತ್ತೊಂದು ವರ್ಷದ ಕಸುಬು. ವಕೀಲರು ಮಾತು ಮುಗಿಸುವಷ್ಟರಲ್ಲಿ ಆಕೆಯ ಬೆರಳುಗಳು ಮುಂದಿನ ಸಾಲಿಗೆ ಹೋಗಿರುತ್ತವೆ. ಲ್ಯಾಪ್‌ಟಾಪಿನ ಜೊತೆ ಬಂದ ಸಿಸ್ಟಂ ತೆವಳತೊಡಗಿದಾಗ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ಲಿನಕ್ಸ್ ಎಂಬ ಉಚಿತ ಸಿಸ್ಟಂ ಹಾಕಿಕೊಂಡಳು. ಕೆಲಸವೆಲ್ಲ ಅದರಲ್ಲೇ. ಇನ್ನೊಂದು ಪಾಲಿನ ಹಳೆಯ ಸಿಸ್ಟಂ ಬೇಕಾಗಿದ್ದದ್ದು ಕೋರ್ಟಿನ ಒಂದೇ ಒಂದು ಫಾರಂ ತುಂಬಲಿಕ್ಕೆ; ಅದು ಲಿನಕ್ಸಿನಲ್ಲಿ ತೆರೆಯುತ್ತಿರಲಿಲ್ಲ.

ಒಂದು ಸೋಮವಾರ ಆ ಹಳೆಯದು ಕೈಕೊಟ್ಟಿತು. ಸಿಸ್ಟಂ ಕೆಟ್ಟರೆ ಮತ್ತೆ ಹಾಕಲೆಂದು ಲ್ಯಾಪ್‌ಟಾಪ್ ಕಂಪನಿ ಕೊಟ್ಟಿದ್ದ ರಿಕವರಿ ಡಿಸ್ಕ್ ಹಿಡಿದು ಸರ್ವಿಸ್ ಸೆಂಟರಿಗೆ ಹೋದಳು.

"ಅರ್ಧ ಗಂಟೆ ಕೆಲಸ," ಎಂದ ಮೆಕ್ಯಾನಿಕ್.

"ಇನ್ನೊಂದು ಪಾಲನ್ನ ಮಾತ್ರ ಮುಟ್ಟಬೇಡಿ."

"ಆಗಲ್ಲ ಅಕ್ಕ. ಈ ಡಿಸ್ಕಿಗೆ ಗೊತ್ತಿರೋದು ಒಂದೇ. ಪೂರ್ತಿ ಅಳಿಸಿ, ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡೋದು."

"ಅಂದ್ರೆ ನಲ್ಲಿ ಸೋರಿದ್ರೆ ಮನೇನೇ ಕೆಡವಿ ಕಟ್ಟಿಕೊಡ್ತೀರಾ?"

ಅವನಿಗೂ ನಗು ಬಂತು. "ಬೇರೆ ಸಿಸ್ಟಂ ಹಾಕೋರೂ ಇರ್ತಾರೆ ಅಂತ ಕಂಪನಿ ಅಂದುಕೊಂಡೇ ಇಲ್ಲ."

ಟೈಪಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಕಂಪನಿಗೆ ಪತ್ರ ಬರೆದಳು. ತಾನು ಕೊಂಡ ಸಿಸ್ಟಮನ್ನು ತನಗೆ ಬೇಕಾದ ಪಾಲಿನಲ್ಲಿ, ಉಳಿದದ್ದನ್ನು ಅಳಿಸದೆ ಕೂರಿಸಲು ಬರುವ ಡಿಸ್ಕ್ ಒದಗಿಸತಕ್ಕದ್ದು ಎಂದು, ಅಪ್ಪಟ ಅರ್ಜಿಯ ಭಾಷೆಯಲ್ಲಿ. ಹನ್ನೆರಡು ದಿನಕ್ಕೆ ಉತ್ತರ ಬಂತು: ಅಂಥ ಡಿಸ್ಕ್ ಇಲ್ಲ, ವಿಷಾದಿಸುತ್ತೇವೆ.

"ಹಾಗಾದ್ರೆ ಅವರ ಪಾಲಿಗೆ ಎಳ್ಳುನೀರು," ಎಂದಳು ನಾದಿನಿಗೆ.

"ಫಾರಂ ಏನು ಮಾಡ್ತೀರಿ ಅತ್ತಿಗೆ?"

"ಫಾರಮ್ಮೇ ಬದಲಾಗ್ಲಿ."

ಕೋರ್ಟ್ ಕಚೇರಿಯ ಗುಮಾಸ್ತ ಕಣ್ಣು ಕಣ್ಣು ಬಿಟ್ಟ. "ಎಲ್ಲರೂ ಇದರಲ್ಲೇ ತುಂಬ್ತಾರಲ್ಲಮ್ಮ?"

"ಬೇರೆ ದಾರಿ ಕೊಟ್ಟಿಲ್ಲ, ಅದಕ್ಕೇ ತುಂಬ್ತಾರೆ," ಎಂದು ಫಾರಂ ಬದಲಿಸಬೇಕೆಂದು ಓಣಿಯ ಹನ್ನೊಂದು ಮಂದಿ ಟೈಪಿಸ್ಟರು ಸಹಿ ಹಾಕಿದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಎರಡು ತಿಂಗಳು ಅಲೆಸಿದರು. ಅಷ್ಟು ದಿನ ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲಿ ಫಾರಂ ತುಂಬಿದಳು. ಕೊನೆಗೆ ಯಾವ ಸಿಸ್ಟಮಿನಲ್ಲಾದರೂ ತೆರೆಯುವ ಫಾರಂ ಬಂತು.

ಹಳೆಯ ಪಾಲನ್ನು ಅಳಿಸುವ ಮುನ್ನ ಬೆರಳು ಒಂದು ಗಳಿಗೆ ತಡೆಯಿತು. ಕಡತಗಳ ಕಾಪಿ ಮೂರನೇ ಸಲ ನೋಡಿಕೊಂಡು, ಒತ್ತಿಯೇಬಿಟ್ಟಳು.

ಈಗ ಓಣಿಯ ಐವರು ಲಿನಕ್ಸಿಗೆ ಬಂದಿದ್ದಾರೆ. ಉಳಿದವರು ಹಳೆಯದೇ ಹಿತ ಎನ್ನುತ್ತಾರೆ. ಅವರನ್ನು ಒಲಿಸಲು ಟೈಪಕ್ಕ ಹೋಗುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂರುತ್ತಾಳೆ.