ನಾನು ಕಣ್ಣಾರೆ ನೋಡಿದೆ ಎಂದದ್ದು

ದೇವನಹಳ್ಳಿ ದಾಟಿದರೆ ಬಳ್ಳಾರಿ ರಸ್ತೆಯಲ್ಲಿ ಒಂದು ದೊಡ್ಡ ಹೋಟೆಲು ಇತ್ತು. ಅದರ ಹೆಸರು ಬೇಡ. ಬೆಂಗಳೂರಿನ ಒಂದು ಕಂಪನಿ ಹೆದ್ದಾರಿಗೊಂದರಂತೆ ಅಂಥ ಹೋಟೆಲುಗಳನ್ನು ತೆರೆದಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನ ಮೇಲೆ ಕಂಪನಿಯ ಬಿಲ್ಲೆ. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವವಳ ಮಗನಿಗೆ ಅದೇನು ಸಣ್ಣ ಪದವಿಯಲ್ಲ. ಬಸ್ಸಿಳಿದು ಮನೆಗೆ ನಡೆಯುವಾಗಲೂ ಬಿಲ್ಲೆ ತೆಗೆಯುತ್ತಿರಲಿಲ್ಲ. ಅಷ್ಟು ಕೊಬ್ಬು ನನಗೆ.

ತಿಂಡಿ ಕೊಡುವ ಕಟ್ಟೆಯ ಪಕ್ಕದಲ್ಲಿ ಚಮಚಗಳ ಪಾತ್ರೆ ಇರುತ್ತಿತ್ತು. ಕುದಿಯುವ ನೀರು ತುಂಬಿ, ಅದರೊಳಗೆ ಚಮಚಗಳನ್ನು ಹಿಡಿ ಮೇಲಾಗಿ ನಿಲ್ಲಿಸಿ ಇಡುತ್ತಿದ್ದೆವು. ಬೇಕಾದವರು ತಾವೇ ಎತ್ತಿಕೊಳ್ಳಬೇಕು. ಪಾತ್ರೆ ಕೂತಿದ್ದ ಕಬ್ಬಿಣದ ಸ್ಟ್ಯಾಂಡಿಗೆ ಮೂರು ಕಾಲು. ಅದರಲ್ಲಿ ಒಂದರ ಬೆಸುಗೆ ಬಿಟ್ಟಿತ್ತು. ನಾನು ಬಿಸ್ಕತ್ತಿನ ಡಬ್ಬದ ರಟ್ಟು ಮಡಚಿ ಅದರಡಿ ತುರುಕಿದ್ದೆ.

‘ಅಣ್ಣಾ, ಇದು ಯಾವತ್ತಾದ್ರೂ ಯಾರ ಮೇಲಾದ್ರೂ ಬೀಳ್ತದೆ’ ಎಂದು ಸಪ್ಲೈಯರ್ ಎರಡು ಸಲ ಹೇಳಿದ್ದ.

‘ಸೋಮವಾರ ವೆಲ್ಡಿಂಗ್‌ಗೆ ಕಳಿಸೋಣ ಬಿಡಯ್ಯ’ ಎಂದಿದ್ದೆ. ಯಾವ ಸೋಮವಾರ ಅಂತ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಮಗಳು, ಅಳಿಯ, ಮೊಮ್ಮಗುವಿನ ಜೊತೆ ಬಂದಳು. ಮಗುವಿಗೆ ಕೇಸರಿಬಾತು ತಿನ್ನಿಸಲು ಚಮಚ ಬೇಕಾಯಿತು. ಆಕೆ ಬಂದು ಒಂದು ಚಮಚದ ಹಿಡಿಯನ್ನು ಹಿಡಿದು ಎಳೆದಳು. ನೀರು ಕುಡಿದು ಮೆತ್ತಗಾಗಿದ್ದ ರಟ್ಟು ಜಾರಿ, ಸ್ಟ್ಯಾಂಡು ವಾಲಿ, ಪಾತ್ರೆಯಷ್ಟೂ ನೀರು ಆಕೆಯ ಬಲಗೈ ಮೇಲೆ ಸುರಿಯಿತು. ನಾನು ಮೂರು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಆಕೆ ಕಿರುಚಲಿಲ್ಲ. ಮಗುವಿಗೆ ಸಿಡಿಯಿತೇನೋ ಎಂದು ಮೊದಲು ಹಿಂದೆ ತಿರುಗಿ ನೋಡಿದಳು.

ನಾನು ಮಾಡಿದ್ದೇನು? ಅಡುಗೆಮನೆಯಿಂದ ದೋಸೆಹಿಟ್ಟು ತಂದು ಆ ಕೈಗೆ ಬಳಿದೆ. ಅವರು ಆಸ್ಪತ್ರೆಗೆ ಹೊರಟು ರಸ್ತೆ ದಾಟುವ ಮೊದಲೇ ಸ್ಟ್ಯಾಂಡನ್ನು ಎತ್ತಿಕೊಂಡು ಹೋಗಿ ಸೌದೆ ಕೊಠಡಿಯಲ್ಲಿ ಗೋಣಿಚೀಲದಡಿ ಬಚ್ಚಿಟ್ಟೆ. ಎರಡನೆಯದನ್ನೇ ಹೆಚ್ಚು ಚುರುಕಾಗಿ ಮಾಡಿದೆ.

ಗಾಯ ಮಾಯಿತು. ಆದರೆ ಬೆರಳುಗಳು ಒಳಕ್ಕೆ ಮುದುಡಿ ಸೆಟೆದುಕೊಂಡವು. ಆಪರೇಷನ್ ಮಾಡಿದರೆ ಬಿಡಿಸಬಹುದು ಎಂದು ಡಾಕ್ಟರು ಹೇಳಿದರಂತೆ. ಅಷ್ಟು ಖರ್ಚು ಹೊರುವ ಶಕ್ತಿ ಅವರಿಗಿರಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅಳಿಯ ಆಗಷ್ಟೇ ಜನರ ಬಾಯಿಗೆ ಬರುತ್ತಿದ್ದ ಗ್ರಾಹಕರ ವೇದಿಕೆಯಲ್ಲಿ ಕಂಪನಿಯ ಮೇಲೆ ದೂರು ಹಾಕಿದ. ಗೆದ್ದರೆ ಆ ಕೈ ಬಿಡಿಸಿಕೊಳ್ಳಬಹುದು, ಇಲ್ಲದಿದ್ದರೆ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ದೂರಿನ ಪ್ರತಿಯನ್ನು ಮೊದಲು ಓದಿದವನೇ ನಾನು.

ಕಂಪನಿಯ ವಕೀಲರು ನನ್ನನ್ನು ಬೆಂಗಳೂರಿಗೆ ಕರೆಸಿಕೊಂಡರು. ಮ್ಯಾನೇಜರೂ ಜೊತೆಗಿದ್ದರು. ‘ಉಂಡ ಮನೆ ಜಂತೆ ಎಣಿಸೋ ಜನ ಅಲ್ಲ ನೀನು, ನಂಗೊತ್ತು’ ಎಂದು ಅವರು ದಾರಿಯಲ್ಲೇ ಹೇಳಿದ್ದರು. ಬೆದರಿಕೆ ಅಷ್ಟೇ. ಆದರೆ ಆಮೇಲೆ ನಡೆದದ್ದಕ್ಕೆ ಆ ಬೆದರಿಕೆಯನ್ನು ನೆಪ ಮಾಡಿಕೊಂಡರೆ ನನ್ನ ಬಾಯಲ್ಲಿ ಹುಳ ಬೀಳಬೇಕು.

ವಕೀಲರು ದೂರನ್ನು ಓದಿ, ‘ಕಷ್ಟ ಇದೆಯಲ್ರೀ’ ಎಂದು ಕನ್ನಡಕ ತೆಗೆದಿಟ್ಟರು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ದೋಸೆಹಿಟ್ಟು ಬಳಿಯುವಾಗ ಆಕೆಯ ಎಡಗೈ ಬೆರಳುಗಳನ್ನು ನಾನು ನೋಡಿದ್ದೆ. ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಅಲ್ಲಲ್ಲಿ ಬಿರಿದಿದ್ದವು. ಅಂಥ ಕೈಯಿಂದಲೇ ನಾನು ಅನ್ನ ಉಂಡು ಬೆಳೆದಿದ್ದೇನೆ.

‘ಆಯಮ್ಮ ರೇಷ್ಮೆ ಬಿಚ್ಚೋರು ಸಾರ್’ ಎಂದೆ. ‘ಗೂಡು ಬೇಯೋ ನೀರಿಗೆ ದಿನಾ ಕೈ ಹಾಕಿ ಎಳೆ ತೆಗೀತಾರೆ. ಬಿಸಿ ನೀರು ಅಂದ್ರೆ ಅವರಿಗೆ ಹೆದರಿಕೆನೇ ಇರಲ್ಲ. ನಮ್ಮಮ್ಮನೂ ಹಂಗೇ, ಕುದಿಯೋ ಪಾತ್ರೆಗೇ ಬೆರಳು ಅದ್ದಿಬಿಡ್ತಾಳೆ.’

ವಕೀಲರು ಕನ್ನಡಕ ಹಾಕಿಕೊಂಡು ನನ್ನನ್ನು ಹೊಸದಾಗಿ ನೋಡಿದರು. ‘ಹಾಗಾದ್ರೆ ಚಮಚಕ್ಕೂ ನೀರೊಳಗೇ ಕೈ ಹಾಕಿರಬಹುದು ಅಲ್ವಾ?’

‘ಹಾಕಿರಬಹುದು ಸಾರ್.’

‘ನೀವು ನೋಡಿದ್ರಾ?’

ಮ್ಯಾನೇಜರು ಸುಮ್ಮನೆ ಕಾಫಿ ಕುಡಿಯುತ್ತಿದ್ದರು. ನಾನು ನೋಡಿದೆ ಎಂದೆ. ಹೇಳಿದ ಮೇಲೆ, ನಾಚಿಕೆಗೆಟ್ಟವನು, ನನಗೆ ಹೆಮ್ಮೆಯಾಯಿತು. ಅಷ್ಟು ಓದಿದವರಿಗೆ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು. ಅದನ್ನೇ ಟೈಪು ಮಾಡಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡರು.

ವೇದಿಕೆಯ ಅಧ್ಯಕ್ಷರು ವಯಸ್ಸಾದವರು, ಸಮಾಧಾನದ ಮನುಷ್ಯ. ಸ್ಟ್ಯಾಂಡು ಹೇಗಿತ್ತು ಎಂದು ನನ್ನನ್ನೇ ಕೇಳಿದರು. ಗಟ್ಟಿಯಾಗಿತ್ತು ಎಂದೆ. ಆಕೆ ಕೈಯನ್ನು ಎಲ್ಲಿಟ್ಟಳು ಎಂದರು. ನೀರಿನೊಳಗೆ ಅದ್ದಿದಳು, ಸುಟ್ಟಾಗ ಕೈ ಕೊಡವಿದಳು, ಪಾತ್ರೆ ಉರುಳಿತು ಎಂದೆ.

‘ನೀವು ಕಣ್ಣಾರೆ ನೋಡಿದ್ರಾ?’

‘ಕಣ್ಣಾರೆ ನೋಡಿದೆ ಸ್ವಾಮಿ. ನಾನೂ ಅದೇ ಕಸುಬಿನ ಮನೆಯವನು. ನಮ್ಮ ತಾಯೀನೂ ಹಾಗೇ ಮಾಡ್ತಾಳೆ.’

ಕೊನೆಯ ಮಾತನ್ನು ಹೇಳಬೇಕಾಗಿರಲಿಲ್ಲ. ಅದನ್ನು ಕೇಳಿಯೇ ಅವರು ನನ್ನನ್ನು ನಂಬಿದರು. ಅಳಿಯ ಎದ್ದು ನಿಂತು ಸುಳ್ಳು ಸುಳ್ಳು ಎಂದ. ಅವನನ್ನು ಕೂರಿಸಿದರು. ಆಕೆ ಮಾತ್ರ ಮಡಿಲಲ್ಲಿದ್ದ ತನ್ನ ಬಲಗೈಯನ್ನು ಬಗ್ಗಿ ನೋಡುತ್ತ ಕೂತಿದ್ದಳು.

ಒಂದೆರಡು ತಿಂಗಳಿಗೆ ದೂರು ವಜಾ ಆಯಿತು. ಆದೇಶ ಕೇಳಲು ನನ್ನನ್ನೂ ಕಳಿಸಿದ್ದರು. ವಕೀಲರು ಬೆನ್ನು ತಟ್ಟಿ ಹೋದರು. ನಾನು ಮೆಟ್ಟಿಲ ಕೆಳಗೆ ನಿಂತಿದ್ದಾಗ ಆಕೆ ಇಳಿದು ಬಂದಳು. ಅಳಿಯ ಗೇಟಿನ ಹತ್ತಿರ ಮುಖ ತಿರುಗಿಸಿ ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿದನಂತೆ, ಹಾಗೆ ಆಕೆ ಬಾಯಿ ತೆರೆಯುವ ಮೊದಲೇ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಉಗಿಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಗಾಗಿದ್ದರೆ ಇಷ್ಟು ವರ್ಷ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು.

‘ಏನಪ್ಪಾ, ವಿಜಯಪುರದೋನಂತೆ?’

‘ಹೂಂ ಅಮ್ಮ.’

‘ನಮ್ಮೋನು, ರೇಷ್ಮೆ ಬಿಚ್ಚೋರ ಮಗ. ನೀನು ಯಾಕೆ ಸುಳ್ಳು ಹೇಳ್ತೀಯ? ನಂಗೆ ಚಮಚ ಎಳೆದಂಗೇ ಗ್ಯಾಪ್ಕ ಇತ್ತು. ಆದ್ರೆ ನೀನು ನೋಡಿದೀನಿ ಅಂದ್ಮೇಲೆ ನಾನೇ ಕೈ ಹಾಕಿರ್ಬೇಕು. ಈ ಕೈಗೆ ಅದೇ ಬುದ್ಧಿ ಅಲ್ವಾ? ಸುಮ್ನೆ ನಿಮ್ಮ ಹೋಟ್ಲೋರ ಮೇಲೆ ಅಪವಾದ ಹೊರಿಸಿ ನಿನ್ನನ್ನೂ ಅಲೆದಾಡಿಸಿಬಿಟ್ಟೆ. ತಪ್ಪು ತಿಳ್ಕೋಬೇಡ ಕಣಪ್ಪಾ.’

ಕೈ ಮುಗಿಯಲು ಹೋದಳು. ಬಲಗೈ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಎಡಗೈಯನ್ನು ಆ ಮುಷ್ಟಿಯ ಮೇಲೆ ಮುಚ್ಚಿ ಹಾಗೆಯೇ ನಿಂತಳು. ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

ಆಗಲೂ ಹೇಳಬಹುದಾಗಿತ್ತು. ಅಳಿಯನನ್ನು ಕೂಗಿ ಕರೆಯಬಹುದಾಗಿತ್ತು, ಮೇಲಿನ ಕೋರ್ಟಿಗೆ ಹೋಗಿ ಎನ್ನಬಹುದಾಗಿತ್ತು.

‘ಪರವಾಗಿಲ್ಲ ಬಿಡಮ್ಮ’ ಎಂದು ನಾನು ಆಕೆಯನ್ನು ಕ್ಷಮಿಸಿದೆ.